ಹೃದಯ ಸ್ತಂಭನ: ಶಾಕ್ ಯಾವಾಗ ಬೇಕು, ಯಾವಾಗ ಬೇಡ?

ಪ್ರಶ್ನೆ: ಹೃದಯ ನಿಂತುಹೋದ ನಮ್ಮ ಸಂಬಂಧಿಕರೊಬ್ಬರಿಗೆ ಆಸ್ಪತ್ರೆಯಲ್ಲಿ ಶಾಕ್ ಕೊಡಲೇ ಇಲ್ಲ. ಎದೆ ಒತ್ತುತ್ತ, ನಡುನಡುವೆ ಇಂಜೆಕ್ಷನ್ ಹಾಕುತ್ತ ಇದ್ದರು, ಅಷ್ಟೆ. ಶಾಕ್ ಕೊಟ್ಟಿದ್ದರೆ ಉಳಿಯುತ್ತಿದ್ದರೇ?

ಉತ್ತರ: ಶಾಕ್ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಚಿಕಿತ್ಸೆ ತಪ್ಪಿತು ಎನ್ನಲಾಗದು. ಶಾಕ್ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಆ ಹೊತ್ತಿಗೆ ಮಾನಿಟರಿನಲ್ಲಿ ಕಾಣುವ ಹೃದಯದ ಲಯ. ನಾಡಿ ಸಿಗದವರಲ್ಲಿ ನಾಲ್ಕು ಬಗೆಯ ಲಯ ಕಾಣಿಸಬಹುದು. ಹೃದಯದ ಕೆಳಕೋಣೆಗಳು ಬಡಿಯುವ ಬದಲು ಗೊತ್ತುಗುರಿಯಿಲ್ಲದೆ ಅದುರುವುದು ವೆಂಟ್ರಿಕ್ಯುಲರ್ ಫಿಬ್ರಿಲೇಶನ್, ಆಸ್ಪತ್ರೆಯ ಮಾತಿನಲ್ಲಿ ವಿಎಫ್. ಅತಿವೇಗದಿಂದ ಬಡಿದರೂ ರಕ್ತ ಮುಂದಕ್ಕೆ ಹೋಗದಿರುವುದು ನಾಡಿಯಿಲ್ಲದ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯ, ಅಂದರೆ ವಿಟಿ. ಈ ಎರಡಕ್ಕೆ ಮಾತ್ರ ಶಾಕ್. ಮೂರನೆಯದು ಅಸಿಸ್ಟೊಲಿ: ವಿದ್ಯುತ್ ಚಟುವಟಿಕೆಯೇ ಇಲ್ಲದ ಸಪಾಟು ಗೆರೆ. ನಾಲ್ಕನೆಯದು ಪಿಇಎ (ನಾಡಿಯಿಲ್ಲದ ವಿದ್ಯುತ್ ಚಟುವಟಿಕೆ): ಪರದೆಯ ಮೇಲೆ ಗೆರೆ ಕ್ರಮವಾಗಿಯೇ ಓಡುತ್ತಿರುತ್ತದೆ, ಕುತ್ತಿಗೆ ಮುಟ್ಟಿದರೆ ನಾಡಿ ಇರುವುದಿಲ್ಲ.

ಶಾಕ್ ಹೃದಯವನ್ನು ಚಾಲೂ ಮಾಡುತ್ತದೆ ಎಂಬ ನಂಬಿಕೆ ಬಹಳ ಗಟ್ಟಿ. ಅದು ಮಾಡುವುದು ತದ್ವಿರುದ್ಧ ಕೆಲಸ. ಎಲ್ಲರೂ ಏಕಕಾಲಕ್ಕೆ ಕೂಗಾಡುತ್ತಿರುವ ಸಭೆಯನ್ನು ಒಮ್ಮೆ ಸುಮ್ಮನಾಗಿಸಿದಂತೆ, ಹೃದಯದ ಸ್ನಾಯುವನ್ನೆಲ್ಲ ಒಂದೇ ಏಟಿಗೆ ತಡೆದು ನಿಲ್ಲಿಸುತ್ತದೆ. ಆಗ ಹೃದಯದ ಸ್ವಂತ ಲಯಕೇಂದ್ರ ಮತ್ತೆ ಹಿಡಿತ ತೆಗೆದುಕೊಳ್ಳಬಹುದು. ಅಸಿಸ್ಟೊಲಿಯಲ್ಲಿ ನಿಲ್ಲಿಸಲು ಏನೂ ಇಲ್ಲ. ಅಲ್ಲಿ ಶಾಕಿನಿಂದ ಎದೆ ಒತ್ತುವ ಸಮಯ ಹಾಳಾಗುತ್ತದೆಯೇ ಹೊರತು ಲಾಭವಿಲ್ಲ.

ಪ್ರಶ್ನೆ: ಹಾಗಾದರೆ ಬದುಕುವ ಅವಕಾಶವೂ ಲಯವನ್ನೇ ಅವಲಂಬಿಸಿದೆಯೇ?

ಉತ್ತರ: ಬಹುಮಟ್ಟಿಗೆ ಹೌದು. ವಿಎಫ್, ವಿಟಿ ಇದ್ದವರು ಉಳಿಯುವ ಸಾಧ್ಯತೆ ಉಳಿದೆರಡು ಲಯದವರಿಗಿಂತ ಹಲವು ಪಟ್ಟು ಹೆಚ್ಚು. ಕುಸಿದ 3ರಿಂದ 5 ನಿಮಿಷದೊಳಗೆ ಶಾಕ್ ಸಿಕ್ಕಿದರೆ ನೂರಕ್ಕೆ 50ರಿಂದ 70 ಮಂದಿಯವರೆಗೂ ಉಳಿದದ್ದಿದೆ. ಆದರೆ ಲಯ ಇದ್ದಂತೆಯೇ ಇರುವುದಿಲ್ಲ, ಮುಖ್ಯವಾದ ಸಂಗತಿ ಇದೇ. ಅದುರುವ ಹೃದಯ ತನ್ನಲ್ಲಿದ್ದ ಆಮ್ಲಜನಕ, ಶಕ್ತಿಯನ್ನೆಲ್ಲ ಸುಡುತ್ತಾ ಹೋಗುತ್ತದೆ. ಪರದೆಯ ದೊಡ್ಡ ಅಲೆಗಳು ಸಣ್ಣಗಾಗಿ, ಕೊನೆಗೆ ಗೆರೆ ಸಪಾಟಾಗುತ್ತದೆ. ತಡವಾಗಿ ಸಿಕ್ಕವರಲ್ಲಿ ಅಸಿಸ್ಟೊಲಿ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಸಿಪಿಆರ್ (ಎದೆ ಒತ್ತಿ, ಉಸಿರು ಕೊಡುವ ತುರ್ತು ನೆರವು) ಇಲ್ಲದಿದ್ದರೆ ಬದುಕುವ ಅವಕಾಶ ನಿಮಿಷಕ್ಕೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಪಕ್ಕದಲ್ಲಿದ್ದವರು ಕೂಡಲೇ ಎದೆ ಒತ್ತಲು ಶುರುಮಾಡಿದರೆ ಆ ಇಳಿಕೆ ಶೇ 3–4ಕ್ಕೆ ತಗ್ಗುತ್ತದೆ. ಶಾಕ್ ಯಂತ್ರ ಬರುವಷ್ಟರಲ್ಲಿ ಲಯ ಶಾಕಿಗೆ ಯೋಗ್ಯವಾಗಿ ಉಳಿದಿರುತ್ತದೋ ಇಲ್ಲವೋ ಎಂಬುದು ಆ ಕೈಗಳ ಮೇಲೂ ನಿಂತಿದೆ. ನಿಮಿಷಕ್ಕೆ 100–120 ಬಾರಿ, 5–6 ಸೆಂಟಿಮೀಟರ್ ಆಳ, ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ದಣಿದವರು ಎದೆಯ ಮೇಲೆಯೇ ಭಾರ ಹಾಕಿ ನಿಲ್ಲುತ್ತಾರೆ. ಆಗ ಹೃದಯಕ್ಕೆ ರಕ್ತ ತುಂಬಿಕೊಳ್ಳುವುದಿಲ್ಲ. ಎರಡೆರಡು ನಿಮಿಷಕ್ಕೆ ಆಳು ಬದಲಾಯಿಸಿ.

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಶಾಕ್ ಬೇಕಾದ, ಬೇಡದ ಎರಡೂ ಬಗೆಯ ಲಯಗಳಲ್ಲಿ ಔಷಧದ ಕ್ರಮ ಹೇಗೆ?

ಉತ್ತರ: ಶಾಕ್ ಬೇಕಿಲ್ಲದ ಲಯದಲ್ಲಿ ಅಡ್ರಿನಲಿನ್ 1 ಮಿಲಿಗ್ರಾಂ ಆದಷ್ಟು ಬೇಗ, ಆಮೇಲೆ 3–5 ನಿಮಿಷಕ್ಕೊಮ್ಮೆ. ವಿಎಫ್‌ನಲ್ಲಿ ಮೊದಲು ಶಾಕ್, ಬೈಫೇಸಿಕ್ (ವಿದ್ಯುತ್ತನ್ನು ಎರಡೂ ದಿಕ್ಕಿಗೆ ಹರಿಸುವ) ಯಂತ್ರದಲ್ಲಿ ಸಾಮಾನ್ಯವಾಗಿ 120–200 ಜೂಲ್. ಶಾಕಿಗೆ ಬಗ್ಗದಿದ್ದರೆ ಅಡ್ರಿನಲಿನ್. ಮೂರನೇ ಶಾಕ್ ಆದಮೇಲೆ ಲಯವನ್ನು ಹತೋಟಿಗೆ ತರುವ ಔಷಧ ಅಮಿಯೋಡರೋನ್ 300 ಮಿಲಿಗ್ರಾಂ, ಮುಂದೆ ಬೇಕಾದರೆ 150.

ಶಾಕ್ ಆದ ತಕ್ಷಣ ನಾಡಿ ಹುಡುಕುತ್ತ ನಿಲ್ಲಬೇಡಿ. ಲಯ ಸರಿಹೋದರೂ ಹೃದಯ ಮಂಕಾಗಿರುತ್ತದೆ, ಸಾಕಷ್ಟು ರಕ್ತ ತಳ್ಳಲಾರದು. ಎರಡು ನಿಮಿಷ ಒತ್ತಿ, ಆಮೇಲೆ ನೋಡಿ. ಯಂತ್ರ ಚಾರ್ಜ್ ಆಗುವಾಗಲೂ ಒತ್ತುವುದು ನಡೆಯುತ್ತಿರಲಿ. ಗೆರೆ ಸಪಾಟು ಕಂಡರೆ ಲೀಡ್ (ಮಾನಿಟರಿನ ತಂತಿ) ಕಳಚಿದೆಯೇ, ಗೇನ್ (ಅಲೆಯನ್ನು ದೊಡ್ಡದಾಗಿ ತೋರಿಸುವ ಹೊಂದಿಕೆ) ಕಡಿಮೆ ಇದೆಯೇ ನೋಡಿ. ಪಿಇಎ ಆದರೆ ಕಾರಣ ಹುಡುಕುವುದೇ ಚಿಕಿತ್ಸೆಯ ಅರ್ಧ ಭಾಗ: ರಕ್ತಸ್ರಾವ, ಆಮ್ಲಜನಕದ ಕೊರತೆ, ಪೊಟ್ಯಾಸಿಯಂ ಏರುಪೇರು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಹೃದಯದ ಸುತ್ತ ತುಂಬಿದ ದ್ರವ. ಎದೆಗೂಡಿನಲ್ಲಿ ಒತ್ತಡದಿಂದ ಸಿಕ್ಕಿಕೊಂಡ ಗಾಳಿಯನ್ನು ಸೂಜಿ ಚುಚ್ಚಿ ಹೊರಬಿಟ್ಟೊಡನೆ ನಾಡಿ ಮರಳುವುದುಂಟು.

ಪ್ರಶ್ನೆ: ಎಇಡಿ, ಅಂದರೆ ಸ್ವಯಂಚಾಲಿತ ಶಾಕ್ ಯಂತ್ರ ಬಳಸುವಾಗ ಶಾಕ್ ಬೇಡದವರಿಗೂ ಕೊಟ್ಟುಬಿಟ್ಟರೆ ಎಂಬ ಭಯ.

ಉತ್ತರ: ಲಯವನ್ನು ಯಂತ್ರವೇ ಓದುತ್ತದೆ, ಶಾಕ್ ಬೇಡದ ಲಯವಿದ್ದರೆ ಗುಂಡಿ ಒತ್ತಿದರೂ ಶಾಕ್ ಹೊರಡದು. ಒಂದು ಪ್ಯಾಡ್ ಬಲ ಕಾಲರ್ ಮೂಳೆಯ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಯ ಮೇಲೆ. ಎದೆ ಒದ್ದೆಯಿದ್ದರೆ ಒರೆಸಿ, ಚರ್ಮಕ್ಕೆ ಅಂಟಿಸಿದ ಔಷಧದ ಪಟ್ಟಿ (ಪ್ಯಾಚ್) ಇದ್ದರೆ ಕಿತ್ತುಹಾಕಿ, ಪೇಸ್‌ಮೇಕರ್ ಉಬ್ಬಿನ ಮೇಲೆ ಪ್ಯಾಡ್ ಅಂಟಿಸಬೇಡಿ. ಯಂತ್ರ ಲಯ ಓದುವಾಗ ರೋಗಿಯನ್ನು ಅಲುಗಿಸಿದರೆ ಲೆಕ್ಕ ತಪ್ಪಬಹುದು. "ಶಾಕ್ ಬೇಡ" ಎಂದು ಯಂತ್ರ ಹೇಳಿದರೆ ಗುಣವಾಯಿತು ಎಂದು ಕೈಬಿಡುವವರಿದ್ದಾರೆ. ಅದು ಅಸಿಸ್ಟೊಲಿಯೂ ಆಗಿರಬಹುದು. ವ್ಯಕ್ತಿ ಸಹಜವಾಗಿ ಉಸಿರಾಡದಿದ್ದರೆ ಒತ್ತುತ್ತಲೇ ಇರಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುವ ಏದುಸಿರು ಉಸಿರಾಟವಲ್ಲ.

ಪ್ರಶ್ನೆ: ಮಕ್ಕಳಿಗೂ ಇದೇ ಕ್ರಮವೇ?

ಉತ್ತರ: ಮಕ್ಕಳಲ್ಲಿ ಸಾಮಾನ್ಯವಾಗಿ ಉಸಿರು ನಿಂತು ಆಮೇಲೆ ಹೃದಯ ನಿಲ್ಲುತ್ತದೆ, ಹಾಗಾಗಿ ಶಾಕ್ ಬೇಕಾಗುವ ಲಯ ಕಡಿಮೆ, ಕೃತಕ ಉಸಿರು ಹೆಚ್ಚು ಮುಖ್ಯ. ಎಂಟು ವರ್ಷದೊಳಗಿನವರಿಗೆ ಮಕ್ಕಳ ಪ್ಯಾಡ್ ಸಿಗದಿದ್ದರೆ ದೊಡ್ಡವರದ್ದೇ ಬಳಸಿ. ಒಂದಕ್ಕೊಂದು ತಾಗದಂತೆ ಒಂದನ್ನು ಎದೆಗೆ, ಇನ್ನೊಂದನ್ನು ಬೆನ್ನಿಗೆ ಅಂಟಿಸಿ.