ಕೆಪಿ 2 ಇದ್ದರೆ ಟ್ರೋಮ್ಸೋದಲ್ಲಿ ಧ್ರುವಪ್ರಭೆ ಕಾಣುತ್ತದೆಯೇ?

ಫೆಬ್ರುವರಿಯಲ್ಲಿ ಮೂರೇ ರಾತ್ರಿ ನಾರ್ವೆಯ ಟ್ರೋಮ್ಸೋದಲ್ಲಿ ಇರುತ್ತೀರಿ, ಆ್ಯಪ್ ಮೂರೂ ದಿನ ‘ಕೆಪಿ 2’ (ಕೆಪಿ ಎಂದರೆ ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂದು 0ಯಿಂದ 9ರವರೆಗೆ ಹೇಳುವ ಅಂಕಿ) ಎನ್ನುತ್ತಿದೆ, ಟಿಕೆಟ್ ರದ್ದು ಮಾಡಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಧ್ರುವಪ್ರಭೆ ಹೆಚ್ಚಾಗಿ ಮೂಡುವುದು ಕಾಂತಧ್ರುವದ ಸುತ್ತಲಿನ ಒಂದು ಉಂಗುರದಲ್ಲಿ; ಆ ಊರು ಅದರ ಅಡಿಯಲ್ಲೇ ಇದೆ. ಕೆಪಿ 1, 2 ಇದ್ದಾಗಲೂ ನೆತ್ತಿಯ ಮೇಲೆ ಹಸಿರು ಪರದೆ ಅಲುಗುವುದನ್ನು ನೋಡಿದ್ದೇನೆ.

ಮೊದಲ ಚಳಿಗಾಲದಲ್ಲಿ ನಾನೂ ಈ ಅಂಕಿಯನ್ನೇ ನಂಬಿದ್ದೆ. ಕೆಪಿ 5 ಎಂದ ರಾತ್ರಿ ಮೋಡದ ಕೆಳಗೆ ನಿಂತು ಕಾಲು ಮರಗಟ್ಟಿತು; ಕೆಪಿ 2 ಎಂದ ರಾತ್ರಿ ಹೊದ್ದು ಮಲಗಿದೆ, ಬೆಳಿಗ್ಗೆ ಪಕ್ಕದ ಮನೆಯವರು ಫೋಟೊ ತೋರಿಸಿದರು. ಕೆಪಿ ಇಡೀ ಭೂಮಿಗೆ, ಮೂರು ಗಂಟೆಗಳ ಅವಧಿಗೆ ಸೇರಿಸಿ ಕೊಡುವ ಒಂದೇ ಅಂಕಿ. ರಾಜ್ಯದ ಸರಾಸರಿ ಮಳೆ ನೋಡಿಕೊಂಡು ಅಂಗಳದಲ್ಲಿ ಹಪ್ಪಳ ಒಣಹಾಕಿದಂತೆ.

ಈಗ ನಾನು ನೋಡುವುದು ‘ಬಿಝಡ್’ ಅನ್ನು: ಸೌರಮಾರುತ (ಸೂರ್ಯನಿಂದ ಹೊಮ್ಮುವ ವಿದ್ಯುದಾವೇಶದ ಕಣಗಳ ಹರಿವು) ಹೊತ್ತು ತರುವ ಕಾಂತಕ್ಷೇತ್ರ ಉತ್ತರಕ್ಕೆ ವಾಲಿದೆಯೋ ದಕ್ಷಿಣಕ್ಕೋ ಎಂಬ ಲೆಕ್ಕ. ದಕ್ಷಿಣಕ್ಕೆ ವಾಲಿ ಅಂಕಿಯ ಮುಂದೆ ಮೈನಸ್ ಬಂದರೆ ಭೂಮಿಯ ಕಾಂತಕವಚದ ಅಗುಳಿ ತೆಗೆದ ಹಾಗೆ. ಮೈನಸ್ 5 ನ್ಯಾನೋಟೆಸ್ಲಾದಲ್ಲಿ (ಕಾಂತಕ್ಷೇತ್ರವನ್ನು ಅಳೆಯುವ ಮಾನ) ಅರ್ಧ ಗಂಟೆ ಕದಲದೆ ನಿಂತರೆ ನಾನು ಬೂಟು ಹುಡುಕುತ್ತೇನೆ. ಉತ್ತರಕ್ಕೆ ತಿರುಗಿಕೊಂಡಿದ್ದರೆ ಮಾರುತ ಎಷ್ಟು ಜೋರಾಗಿದ್ದರೂ ಅಷ್ಟೇನೂ ಗಿಟ್ಟುವುದಿಲ್ಲ. ಈ ಅಳತೆ ಬರುವುದು ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತ ಇರುವ ನೌಕೆಗಳಿಂದ. (ನಮ್ಮ ಆದಿತ್ಯ-ಎಲ್1 2024ರ ಜನವರಿ 6ರಂದು ಸೇರಿಕೊಂಡದ್ದೂ ಅಲ್ಲಿಗೇ.) ಮಾರುತದ ವೇಗ ಸೆಕೆಂಡಿಗೆ 400 ಕಿಲೋಮೀಟರ್ ಇದ್ದರೆ ಅಲ್ಲಿಂದ ನಮ್ಮನ್ನು ಮುಟ್ಟಲು ಒಂದು ಗಂಟೆ, 800 ಇದ್ದರೆ ಅರ್ಧ ಗಂಟೆ. ನೆಚ್ಚಿಕೊಳ್ಳಬಹುದಾದ ಮುನ್ಸೂಚನೆಯ ಆಯಸ್ಸು ಇಷ್ಟೇ. ಇದನ್ನು ಒಪ್ಪಿಕೊಂಡ ದಿನದಿಂದ ನನ್ನ ತಲೆನೋವು ಅರ್ಧ ಇಳಿಯಿತು.

ಬಾಗಿಲು ತೆರೆದರೂ ಕೂಡಲೇ ಕುಣಿತ ಶುರುವಾಗುವುದಿಲ್ಲ. ಶಕ್ತಿ ಭೂಮಿಯ ರಾತ್ರಿಯ ಬದಿಯಲ್ಲಿ, ಕಾಂತಕ್ಷೇತ್ರದ ಉದ್ದನೆಯ ಬಾಲದಲ್ಲಿ ತುಂಬಿಕೊಂಡು ಒಮ್ಮೆಲೇ ಸಿಡಿಯುತ್ತದೆ. ಆ ಗಳಿಗೆಯನ್ನು ಹಿಡಿಯಲು ಟ್ರೋಮ್ಸೋದ ಮ್ಯಾಗ್ನೆಟೋಮೀಟರ್ (ನೆಲದ ಮೇಲೆ ಕಾಂತಕ್ಷೇತ್ರದ ಏರಿಳಿತ ಅಳೆಯುವ ಉಪಕರಣ) ಬರೆಯುವ ರೇಖೆಯನ್ನು ಫೋನಿನಲ್ಲಿ ತೆರೆದಿಟ್ಟುಕೊಳ್ಳಿ. ಅದು ಏಕಾಏಕಿ ಕೆಳಗೆ ಕುಸಿದರೆ ಯೋಚಿಸುತ್ತಾ ಕೂರಬೇಡಿ, ಹೊರಗೆ ಓಡಿ. ಎಷ್ಟೋ ಸಲ ಹತ್ತಿಪ್ಪತ್ತು ನಿಮಿಷಗಳಲ್ಲಿ ಎಲ್ಲ ಮುಗಿದಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಆಟ ಕೆಡಿಸುವುದು ಮೋಡವೇ. ಕರಾವಳಿಯ ಊರಾದ್ದರಿಂದ ಸಂಜೆ ಮೊದಲು ಮೋಡದ ಉಪಗ್ರಹ ಚಿತ್ರ ನೋಡಿ, ಆಮೇಲೆ ಬಿಝಡ್. ಊರಿನ ಮೇಲೆ ಮುಚ್ಚಿದ್ದರೆ ಒಳನಾಡಿನ ಶೀಬೋಟ್ನ್ ಕಣಿವೆಯ ಕಡೆಗೆ ಹೋಗಿ. ಪರ್ವತಗಳ ಮಳೆನೆರಳಿನಲ್ಲಿರುವುದರಿಂದ ಅಲ್ಲಿ ಆಕಾಶ ತಿಳಿಯಾಗಿರುವ ಸಾಧ್ಯತೆ ಹೆಚ್ಚು. ಹಿಮದ ರಸ್ತೆ ರೂಢಿಯಿಲ್ಲದಿದ್ದರೆ ನೀವೇ ಕಾರು ಓಡಿಸುವ ಸಾಹಸ ಮಾತ್ರ ಬೇಡ.

ಫೋನನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ರೇಖೆ ಕುಸಿಯತೊಡಗಿದ ಹೊತ್ತಿಗೇ ನನ್ನದು ಎರಡು ಬಾರಿ ಚಳಿಗೆ ಆರಿಹೋಗಿದೆ.