ಆರ್‌ವಿ ಪ್ರವಾಸದಲ್ಲಿ ರಾತ್ರಿ ತಂಗಲು ಖಾಸಗಿ ಪಾರ್ಕ್ ಒಳ್ಳೆಯದೋ, ನ್ಯಾಷನಲ್ ಪಾರ್ಕಿನ ಕ್ಯಾಂಪ್‌ಗ್ರೌಂಡ್ ಒಳ್ಳೆಯದೋ?

ಲಾಸ್ ವೇಗಸ್‌ನಲ್ಲಿ 25 ಅಡಿಯ ಆರ್‌ವಿ (ಮಲಗುವ, ಅಡುಗೆಯ, ಸ್ನಾನದ ವ್ಯವಸ್ಥೆ ಒಳಗೇ ಇರುವ ವಾಹನ) ಬಾಡಿಗೆಗೆ ತೆಗೆದುಕೊಂಡು, ಇಬ್ಬರು ಮಕ್ಕಳ ಜೊತೆ ಹತ್ತು ದಿನ ಯೂಟಾದ ಜಾಯನ್, ಬ್ರೈಸ್ ಕ್ಯಾನ್ಯನ್, ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ನ್ಯಾಷನಲ್ ಪಾರ್ಕುಗಳನ್ನು ಸುತ್ತಬೇಕು ಎಂದಿದ್ದೀರಿ. ದಿನಾ ರಾತ್ರಿ ಎಲ್ಲ ಸೌಕರ್ಯ ಇರುವ ಖಾಸಗಿ ಆರ್‌ವಿ ಪಾರ್ಕಿನಲ್ಲೇ ಇರಬೇಕಾ, ಇಲ್ಲ ನ್ಯಾಷನಲ್ ಪಾರ್ಕಿನ ಒಳಗಿನ ಕ್ಯಾಂಪ್‌ಗ್ರೌಂಡ್ ಸಾಕಾ ಎಂಬುದು ನಿಮ್ಮ ಪ್ರಶ್ನೆ. ಇದು ನಿಮ್ಮ ಮೊದಲ ಆರ್‌ವಿ ಪ್ರವಾಸ ಬೇರೆ.

ನಾವೂ ನಾಲ್ಕು ಜನ. ಇದೇ ಸುತ್ತನ್ನು ಎರಡು ಸಲ ಮಾಡಿದ್ದೇವೆ. ಮೊದಲ ಸಲ ಹೆದರಿಕೆಯಿಂದ ಎಲ್ಲ ರಾತ್ರಿಯೂ ಖಾಸಗಿ ಪಾರ್ಕುಗಳನ್ನೇ ಹಿಡಿದೆವು. ದುಡ್ಡು ಜಾಸ್ತಿ ಹೋಯಿತು. ಅದಕ್ಕಿಂತ ಬೇಸರವಾಗಿದ್ದು, ದಿನಾ ಸಂಜೆ ಕಣಿವೆ ಬಿಟ್ಟು ಹೊರಗೆ ಬರಬೇಕಾಗಿದ್ದು. ಎರಡನೇ ಸಲ ಎರಡು ರಾತ್ರಿ ಪಾರ್ಕಿನ ಒಳಗೆ, ಮೂರನೆಯ ರಾತ್ರಿ ಹುಕ್‌ಅಪ್ (ವಾಹನಕ್ಕೆ ಕರೆಂಟು, ನೀರು ಜೋಡಿಸುವ ಸೌಕರ್ಯ) ಇರುವ ಜಾಗದಲ್ಲಿ, ಹೀಗೆ ಹೊಲಿದುಕೊಂಡೆವು. ನಿಮಗೂ ನಾನು ಹೇಳುವುದು ಇದನ್ನೇ.

ಯಾಕೆ ಎರಡು ಮತ್ತು ಒಂದು? ಅದನ್ನು ನಿರ್ಧರಿಸುವುದು ವಾಹನದ ಹೊಟ್ಟೆಯೊಳಗಿನ ಟ್ಯಾಂಕುಗಳು. ಒಳ್ಳೆಯ ನೀರಿಗೆ ಒಂದು ಟ್ಯಾಂಕ್. ಸಿಂಕ್ ಮತ್ತು ಸ್ನಾನದ ನೀರು ಸೇರುವುದಕ್ಕೆ ಗ್ರೇ ಟ್ಯಾಂಕ್. ಟಾಯ್ಲೆಟ್ಟಿಗೆ ಬ್ಲ್ಯಾಕ್ ಟ್ಯಾಂಕ್. ನಮ್ಮ ವಾಹನದಲ್ಲಿ ಒಳ್ಳೆಯ ನೀರು ಸುಮಾರು 35 ಗ್ಯಾಲನ್ ಹಿಡಿಯುತ್ತಿತ್ತು, ಅಂದರೆ 130 ಲೀಟರಿನಷ್ಟು. ನಾಲ್ಕು ಜನ ಮನೆಯಲ್ಲಿ ಮಾಡುವ ಹಾಗೆ ಸ್ನಾನ ಮಾಡಿದರೆ ಅದು ಒಂದೇ ದಿನಕ್ಕೆ ಖಾಲಿ. ನೀರು ನಿಲ್ಲಿಸಿ ಸೋಪು ಹಚ್ಚಿ, ಮತ್ತೆ ತಿರುಗಿಸಿ ತೊಳೆದುಕೊಂಡರೆ ಎರಡು ದಿನ ಆರಾಮಾಗಿ ಬರುತ್ತದೆ. ಮೂರನೇ ದಿನ ಬೆಳಿಗ್ಗೆ ಗ್ರೇ ಟ್ಯಾಂಕ್ ತುಂಬಿ, ನೀರು ಬಚ್ಚಲಲ್ಲಿ ಮೇಲಕ್ಕೆ ಬರಲು ಶುರುವಾಗುತ್ತದೆ. ಹಾಗಾಗಿ ಮೊದಲು ಟ್ಯಾಂಕ್ ಲೆಕ್ಕ ಹಾಕಿ, ಆಮೇಲೆ ಜಾಗ ಬುಕ್ ಮಾಡಿ.

ಫುಲ್ ಹುಕ್‌ಅಪ್ ಅಂದರೆ ನೀರು, ಕರೆಂಟು, ಕೊಳಚೆ ಪೈಪು ಮೂರೂ ನಿಮ್ಮ ಜಾಗದಲ್ಲೇ ಇರುವುದು. ಡ್ರೈ ಕ್ಯಾಂಪಿಂಗ್ ಅಂದರೆ ಮೂರೂ ಇಲ್ಲ. ನಿಲ್ಲಿಸಲು ಜಾಗ, ಒಂದು ಮೇಜು, ಬೆಂಕಿ ಹಾಕಲು ಒಂದು ಕಬ್ಬಿಣದ ಬಳೆ, ಅಷ್ಟೆ. ಆಗ ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಎಲ್ಲ ನಡೆಯುವುದು ವಾಹನದ 12 ವೋಲ್ಟ್ ಬ್ಯಾಟರಿಯಿಂದ. ಎಸಿ, ಮೈಕ್ರೋವೇವ್ ಜನರೇಟರ್ ಇಲ್ಲದೆ ನಡೆಯುವುದಿಲ್ಲ. ಜನರೇಟರನ್ನು ಆಯಾ ಕ್ಯಾಂಪ್‌ಗ್ರೌಂಡ್ ಹೇಳಿದ ಹೊತ್ತಿನಲ್ಲಿ ಮಾತ್ರ ಹಾಕಬಹುದು.

ಒಂದು ವಿಷಯ ನಮಗೆ ಬ್ರೈಸ್‌ನಲ್ಲಿ ಗೊತ್ತಾಯಿತು. ಅದು ಸುಮಾರು 8,000 ಅಡಿ ಎತ್ತರದ ಊರು. ಮೇ ತಿಂಗಳಲ್ಲೂ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬರುತ್ತದೆ. ಹೀಟರ್ ಪ್ರೊಪೇನ್ ಗ್ಯಾಸಿನಿಂದ ಉರಿಯುತ್ತದೆ, ಗ್ಯಾಸ್ ತುಂಬಾ ಇದೆ ಎಂದು ನಾವು ನಿಶ್ಚಿಂತೆಯಿಂದ ಮಲಗಿದೆವು. ಆದರೆ ಬಿಸಿಗಾಳಿ ತಳ್ಳುವ ಫ್ಯಾನು ಬ್ಯಾಟರಿ ತಿನ್ನುತ್ತದೆ. ಬೆಳಗಿನ ಜಾವ ಬ್ಯಾಟರಿ ಇಳಿದು ಹೀಟರ್ ನಿಂತಿತು. ಚಿಕ್ಕವಳು ನಡುಗುತ್ತಾ ಎದ್ದಳು. ಮರುದಿನ ಜನರೇಟರ್ ಹೊತ್ತು ಮುಗಿಯುವ ಮುಂಚೆ ಎರಡು ಗಂಟೆ ಓಡಿಸಿ ಬ್ಯಾಟರಿ ತುಂಬಿಸಿಕೊಂಡೆವು. ಹೀಟರನ್ನೂ ಕಡಿಮೆಗೆ ಇಟ್ಟೆವು. ರಾತ್ರಿ ತೊಂದರೆಯಾಗಲಿಲ್ಲ. ಹುಕ್‌ಅಪ್ ಜಾಗದಲ್ಲಿ ಇಂಥ ಚಳಿ ಬಂದರೆ ಹೊರಗಿನ ನೀರಿನ ಹೋಸನ್ನು ರಾತ್ರಿ ಬಿಚ್ಚಿಟ್ಟುಬಿಡಿ.

ಕರೆಂಟಿನ ಬಗ್ಗೆ ಇನ್ನೊಂದು ಮಾತು. ನಿಮ್ಮ ಅಳತೆಯ ಬಾಡಿಗೆ ವಾಹನ ಹೆಚ್ಚಾಗಿ 30 ಆಂಪ್‌ನದು. 120 ವೋಲ್ಟಿಗೆ ಲೆಕ್ಕ ಹಾಕಿದರೆ 3,600 ವಾಟ್. ಎಸಿ ಓಡುತ್ತಿರುವಾಗ ಮೈಕ್ರೋವೇವ್ ಹಾಕಿ, ಜೊತೆಗೆ ಹೇರ್ ಡ್ರೈಯರ್ ಕೂಡ ಹಾಕಿದರೆ ಬ್ರೇಕರ್ ಬೀಳುತ್ತದೆ. ಪ್ಲಗ್ ಹಾಕುವ ಮುಂಚೆ ನಿಮ್ಮ ಜಾಗದ ಕರೆಂಟು ಕಂಬದ ಮೇಲಿನ ಬ್ರೇಕರ್ ಆಫ್ ಮಾಡಿ, ಪ್ಲಗ್ ಚುಚ್ಚಿ, ಆಮೇಲೆ ಬ್ರೇಕರ್ ಹಾಕಿ. ತೆಗೆಯುವಾಗಲೂ ಅಷ್ಟೆ. ನೀರಿನ ಕೊಳಾಯಿಗೆ ಪ್ರೆಷರ್ ರೆಗ್ಯುಲೇಟರ್ ಹಾಕದೆ ಹೋಸ್ ಜೋಡಿಸಬೇಡಿ. ಕೆಲವು ಪಾರ್ಕುಗಳಲ್ಲಿ ನೀರಿನ ಒತ್ತಡ ಎಷ್ಟಿರುತ್ತದೆ ಅಂದರೆ ಒಳಗಿನ ಪ್ಲಾಸ್ಟಿಕ್ ಪೈಪು ಸಡಿಲವಾಗಿ ಸೋರಬಹುದು. ಬಾಡಿಗೆ ಕಿಟ್‌ನಲ್ಲಿ ರೆಗ್ಯುಲೇಟರ್ ಇದೆಯಾ ಎಂದು ವಾಹನ ತೆಗೆದುಕೊಳ್ಳುವಾಗಲೇ ನೋಡಿ.

ಟ್ಯಾಂಕ್ ಖಾಲಿ ಮಾಡುವ ಕೆಲಸಕ್ಕೆ ಎಲ್ಲರೂ ಅಳುಕುತ್ತಾರೆ. ನಿಜಕ್ಕೂ ಹತ್ತು ನಿಮಿಷದ ಕೆಲಸ. ಕೈಗವಸು ಹಾಕಿ, ಹೋಸನ್ನು ಗಟ್ಟಿಯಾಗಿ ಜೋಡಿಸಿ, ಮೊದಲು ಬ್ಲ್ಯಾಕ್ ವಾಲ್ವ್ ತೆಗೆಯಿರಿ. ಅದು ಪೂರ್ತಿ ಹೋದ ಮೇಲೆ ಮುಚ್ಚಿ, ಗ್ರೇ ತೆಗೆಯಿರಿ. ಸೋಪಿನ ನೀರು ಹೋಸನ್ನು ತೊಳೆದುಕೊಂಡು ಹೋಗುತ್ತದೆ. ಫುಲ್ ಹುಕ್‌ಅಪ್ ಜಾಗದಲ್ಲಿ ಇದ್ದೇವಲ್ಲ ಎಂದು ಬ್ಲ್ಯಾಕ್ ವಾಲ್ವನ್ನು ಇಡೀ ರಾತ್ರಿ ತೆರೆದಿಡಬೇಡಿ. ನೀರು ಹರಿದುಹೋಗಿ ಗಟ್ಟಿ ಭಾಗ ಒಳಗೇ ಕೂತುಬಿಡುತ್ತದೆ, ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ. ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ತುಂಬಿದ ಮೇಲೆ ಒಮ್ಮೆಲೇ ಬಿಡಿ.

ಈಗ ನಿಮ್ಮ ದಾರಿಯ ಜಾಗಗಳಿಗೆ ಬರುತ್ತೇನೆ. ಜಾಯನ್‌ನಲ್ಲಿ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನ ಕೆಲವು ಜಾಗಗಳಿಗೆ ಕರೆಂಟು ಇದೆ. ನೀರು, ಕೊಳಚೆ ಪೈಪು ಇಲ್ಲ, ಆದರೆ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ಇದೆ. ಬೇಸಿಗೆಯಲ್ಲಿ ಜಾಯನ್ ಕಣಿವೆ ಸುಡುತ್ತದೆ, ಎಸಿ ಬೇಕೇಬೇಕು. ಅದಕ್ಕೇ ಆ ಕರೆಂಟಿನ ಜಾಗಗಳಿಗೆ ಅಷ್ಟು ಪೈಪೋಟಿ. ಸಿಕ್ಕರೆ ಬಿಡಬೇಡಿ. ಕಣಿವೆಯೊಳಗೆ ಹೋಗುವ ಶಟಲ್ ಬಸ್ಸಿಗೆ ಅಲ್ಲಿಂದ ನಡೆದೇ ಹೋಗಬಹುದು, ಆರ್‌ವಿ ಅಲುಗಾಡಿಸುವ ಅಗತ್ಯವೇ ಇಲ್ಲ. ಬ್ರೈಸ್‌ನ ನಾರ್ತ್ ಮತ್ತು ಸನ್‌ಸೆಟ್ ಕ್ಯಾಂಪ್‌ಗ್ರೌಂಡುಗಳಲ್ಲಿ ಹುಕ್‌ಅಪ್ ಇಲ್ಲ. ಆದರೆ ಬೆಳಿಗ್ಗೆ ಎದ್ದು ಕಾಫಿ ಕಪ್ಪು ಹಿಡಿದುಕೊಂಡೇ ನಡೆದು ಹೋಗಿ ಸೂರ್ಯೋದಯ ನೋಡಬಹುದು. ಆ ಒಂದು ಬೆಳಗಿಗಾಗಿ ನಾನು ಎಷ್ಟು ಚಳಿ ಬೇಕಾದರೂ ತಡೆದುಕೊಳ್ಳುತ್ತೇನೆ.

ಜಾಯನ್‌ನಿಂದ ಬ್ರೈಸ್‌ಗೆ ನೇರ ದಾರಿಯಲ್ಲಿ 1930ರಲ್ಲಿ ತೆರೆದ ಒಂದು ಸುರಂಗ ಇದೆ. ಈಗಿನ ಆರ್‌ವಿಗಳ ಗಾತ್ರ ನೋಡಿ ಕಟ್ಟಿದ್ದಲ್ಲ. ಎತ್ತರ, ಅಗಲಕ್ಕೆ ಮಿತಿ ಇದೆ. ನಿಮ್ಮ ವಾಹನದ ಅಳತೆ ಬರೆದಿಟ್ಟುಕೊಂಡು, ಪಾರ್ಕಿನ ಈಗಿನ ನಿಯಮ ನೋಡಿ, ಬೇಕಾದರೆ ಸುತ್ತು ದಾರಿ ಹಿಡಿಯಿರಿ.

ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್, ಅಂದರೆ ಕಣಿವೆಯ ದಕ್ಷಿಣ ಅಂಚು, ನನಗೆ ಎಲ್ಲಕ್ಕಿಂತ ಅನುಕೂಲ ಅನಿಸಿತು. ಅಲ್ಲಿ ಎರಡೂ ಬಗೆ ಅಕ್ಕಪಕ್ಕದಲ್ಲೇ ಇವೆ. ಮಾದರ್ ಕ್ಯಾಂಪ್‌ಗ್ರೌಂಡ್ ಪೈನ್ ಮರಗಳ ನಡುವೆ ಇದೆ. ಹುಕ್‌ಅಪ್ ಇಲ್ಲ, 30 ಅಡಿಗಿಂತ ಉದ್ದದ ವಾಹನಕ್ಕೆ ಜಾಗ ಇಲ್ಲ. ಪಕ್ಕದ ಟ್ರೈಲರ್ ವಿಲೇಜ್‌ನಲ್ಲಿ ಫುಲ್ ಹುಕ್‌ಅಪ್ ಇದೆ. ಮೊದಲ ಎರಡು ರಾತ್ರಿ ಮಾದರ್, ಮೂರನೆಯದು ಟ್ರೈಲರ್ ವಿಲೇಜ್ ಎಂದು ಮಾಡಿದರೆ ಪಾರ್ಕ್ ಬಿಟ್ಟು ಹೊರಗೆ ಹೋಗದೆಯೇ ಎಲ್ಲ ಮುಗಿಯುತ್ತದೆ. ಮಾದರ್ ಪಕ್ಕದಲ್ಲಿ ಬಟ್ಟೆ ಒಗೆಯುವ ಮಷಿನ್ನು, ಸ್ನಾನದ ಮನೆ ಕೂಡ ಇವೆ.

ಬುಕಿಂಗ್ ಬೇಗ ಮಾಡಿ. ಸರ್ಕಾರಿ ಕ್ಯಾಂಪ್‌ಗ್ರೌಂಡುಗಳದ್ದು ರಿಕ್ರಿಯೇಷನ್ ಡಾಟ್ ಗವ್ ಎಂಬ ವೆಬ್‌ಸೈಟಿನಲ್ಲಿ. ಬಹಳಷ್ಟು ಜಾಗಗಳು ಆರು ತಿಂಗಳು ಮುಂಚೆ ತೆರೆದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ಸಿಗಲಿಲ್ಲ ಎಂದು ಕೈಬಿಡಬೇಡಿ. ಹೊರಡುವ ವಾರದಲ್ಲಿ ಜನ ರದ್ದು ಮಾಡಿದ ಜಾಗಗಳು ಮತ್ತೆ ಕಾಣಿಸುತ್ತವೆ. ವಾಚ್‌ಮನ್‌ನ ನಮ್ಮ ಜಾಗ ಸಿಕ್ಕಿದ್ದು ಹಾಗೆಯೇ, ದಿನಾ ಬೆಳಿಗ್ಗೆ ಸಂಜೆ ನೋಡುತ್ತಾ ಇದ್ದು. ಬುಕ್ ಮಾಡುವಾಗ ಆ ಜಾಗಕ್ಕೆ ಎಷ್ಟು ಅಡಿ ವಾಹನ ಹಿಡಿಯುತ್ತದೆ ಎಂಬುದನ್ನು ತಪ್ಪದೆ ಓದಿ. ಇನ್ನೊಂದು: ನ್ಯಾಷನಲ್ ಪಾರ್ಕುಗಳ ವಾರ್ಷಿಕ ಪಾಸ್ ಪ್ರವೇಶಕ್ಕೆ ಮಾತ್ರ, ಕ್ಯಾಂಪಿಂಗ್ ಶುಲ್ಕ ಬೇರೆ.

ಖಾಸಗಿ ಪಾರ್ಕ್ ಆರಿಸುವಾಗ ಫೋಟೋ ನಂಬಬೇಡಿ, ಮ್ಯಾಪ್ ನೋಡಿ. ಉತ್ತರ ಅರಿಜೋನಾದಲ್ಲಿ ನಾವು ಹಿಡಿದ ಒಂದು ಪಾರ್ಕ್ ಫೋಟೋದಲ್ಲಿ ಸುಂದರವಾಗಿತ್ತು. ಹಿಂದೆಯೇ ಗೂಡ್ಸ್ ರೈಲಿನ ಹಳಿ ಇತ್ತು. ರಾತ್ರಿಯಿಡೀ ರೈಲು, ಪ್ರತಿ ಸಲವೂ ಹಾರ್ನ್. ಯಾರಿಗೂ ನಿದ್ದೆಯಿಲ್ಲ, ಮರುದಿನ ದೂರದ ಡ್ರೈವ್ ಬೇರೆ. ಆವತ್ತಿನಿಂದ ಉಪಗ್ರಹ ಚಿತ್ರ ತೆರೆದು ಹಳಿ, ಹೆದ್ದಾರಿ, ಲಾರಿ ನಿಲ್ದಾಣ ಎಲ್ಲಿದೆ ಎಂದು ನೋಡಿಯೇ ದುಡ್ಡು ಕಟ್ಟುತ್ತೇನೆ.

ಈ ಪಾರ್ಕುಗಳಲ್ಲಿ ಪ್ರವಾಸಿಗಳಷ್ಟೇ ಇರುತ್ತಾರೆ ಅಂದುಕೊಳ್ಳಬೇಡಿ. ಕಟ್ಟಡ ಕೆಲಸದವರು, ಊರೂರು ಸುತ್ತಿ ಕೆಲಸ ಮಾಡುವ ನರ್ಸುಗಳು, ನಿವೃತ್ತರು ತಿಂಗಳುಗಟ್ಟಲೆ ಇರುತ್ತಾರೆ. ನಮಗೆ ಅದು ಒಂದು ರಾತ್ರಿಯ ಜಾಗ, ಅವರಿಗೆ ಮನೆ. ಎರಡು ವಾಹನಗಳ ನಡುವಿನ ಜಾಗ ಅವರ ಅಂಗಳ. ಸ್ನಾನದ ಮನೆಗೆ ಹತ್ತಿರದ ದಾರಿ ಎಂದು ಅದರ ಮೇಲೆ ನಡೆದು ಹೋಗಬಾರದು. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ. ನ್ಯಾಷನಲ್ ಪಾರ್ಕುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಹಾಗಿಲ್ಲ. ಹೊರಗಿನ ದೀಪವನ್ನೂ ಆರಿಸಿ. ಬ್ರೈಸ್‌ನ ಕತ್ತಲಲ್ಲಿ ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದೆ, ಒಂದು ಪೋರ್ಚ್ ಲೈಟ್ ಉರಿದರೆ ಸುತ್ತಲಿನ ಹತ್ತು ಕುಟುಂಬಗಳಿಗೆ ಅದು ತಪ್ಪಿಹೋಗುತ್ತದೆ.

ಸೌದೆಯನ್ನು ದೂರದಿಂದ ಹೊತ್ತು ತರಬೇಡಿ, ಉರಿಸುವ ಊರಿನಲ್ಲೇ ಕೊಳ್ಳಿ. ಇದು ಸುಮ್ನೆ ಹಾಕಿದ ನಿಯಮ ಅಲ್ಲ. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಎಂಬ ಹುಳ ಹೀಗೆ ಸಾಗಿಸಿದ ಸೌದೆಯ ಜೊತೆಯಲ್ಲೂ ಊರಿಂದೂರಿಗೆ ಹೋಗಿ ಕೋಟ್ಯಂತರ ಆಶ್ ಮರಗಳನ್ನು ಕೊಂದಿದೆ.

ಎಲ್ಲಿಯೇ ಇರಿ, ಬೆಳಕಿರುವಾಗ ತಲುಪಿ. ಒಂದು ಸಲ ನಾವು ಕತ್ತಲಾದ ಮೇಲೆ ತಲುಪಿ, ಮರಗಳ ನಡುವೆ ಹಿಂದಕ್ಕೆ ಹಾಕಲಾಗದೆ ನಿಂತಿದ್ದೆವು. ಪಕ್ಕದ ಜಾಗದ ಹಿರಿಯರೊಬ್ಬರು ಟಾರ್ಚ್ ಹಿಡಿದು ಬಂದು, ಇಂಚು ಇಂಚಾಗಿ ಒಳಗೆ ಸೇರಿಸಿಕೊಟ್ಟರು. ಅವರ ಊಟದ ತಟ್ಟೆ ಮೇಜಿನ ಮೇಲೆ ಆರುತ್ತಿತ್ತು. ಆ ಋಣ ನನ್ನ ಮೇಲೆ ಇದೆ, ಈಗ ಯಾರಾದರೂ ಹಾಗೆ ಒದ್ದಾಡುವುದು ಕಂಡರೆ ನಾನೂ ಎದ್ದು ಹೋಗುತ್ತೇನೆ. ಸಮಯದ ಲೆಕ್ಕದಲ್ಲೂ ಹುಷಾರು. ಬೇಸಿಗೆಯಲ್ಲಿ ಯೂಟಾ ಗಡಿಯಾರ ಅರಿಜೋನಾಗಿಂತ ಒಂದು ಗಂಟೆ ಮುಂದೆ ಇರುತ್ತದೆ. ಅರಿಜೋನಾದಿಂದ ಯೂಟಾಕ್ಕೆ ಹೋಗುವಾಗ ಪಾರ್ಕಿನ ಆಫೀಸ್ ನೀವು ಅಂದುಕೊಂಡಿದ್ದಕ್ಕಿಂತ ಒಂದು ಗಂಟೆ ಮುಂಚೆಯೇ ಮುಚ್ಚಿರುತ್ತದೆ.

ಬಿಎಲ್‌ಎಂ ಎಂಬ ಇಲಾಖೆಯ ಸಾರ್ವಜನಿಕ ಭೂಮಿಯಲ್ಲಿ ಬಹಳ ಕಡೆ 14 ದಿನದವರೆಗೆ ಉಚಿತವಾಗಿ ಇರಬಹುದು ಎಂದೂ ನೀವು ಕೇಳಿರಬಹುದು. ನಿಜ, ಆದರೆ ಅಲ್ಲಿಗೆ ಹೋಗುವ ದಾರಿ ಹೆಚ್ಚಾಗಿ ಮಣ್ಣಿನದು. ಬಾಡಿಗೆ ಒಪ್ಪಂದಗಳು ಸಾಮಾನ್ಯವಾಗಿ ಮಣ್ಣು ರಸ್ತೆಗೆ ಒಪ್ಪುವುದಿಲ್ಲ. ಮೊದಲ ಪ್ರವಾಸಕ್ಕೆ ಅದು ಬೇಡ.

ಮೊದಲ ರಾತ್ರಿ ಮಾತ್ರ ಹುಕ್‌ಅಪ್ ಇರುವಲ್ಲೇ ಇರಿ, ಅದೂ ವೇಗಸ್‌ಗೆ ಹತ್ತಿರದಲ್ಲಿ. ವ್ಯಾಲಿ ಆಫ್ ಫೈರ್ ಸ್ಟೇಟ್ ಪಾರ್ಕ್ ಅಲ್ಲಿಂದ ಸುಮಾರು ಒಂದು ಗಂಟೆ ದೂರ. ಕೆಂಪು ಬಂಡೆಗಳ ನಡುವೆ ಕರೆಂಟು, ನೀರು ಇರುವ ಜಾಗಗಳಿವೆ. ಪ್ರತಿಯೊಂದು ಸ್ವಿಚ್ಚು, ವಾಲ್ವು ಹಾಕಿ ನೋಡಿ. ಏನಾದರೂ ಕೆಲಸ ಮಾಡದಿದ್ದರೆ ಬೆಳಿಗ್ಗೆ ವಾಪಸ್ ಹೋಗಿ ಬದಲಿಸಿಕೊಳ್ಳುವಷ್ಟು ಹತ್ತಿರದಲ್ಲಿ ಇರುತ್ತೀರಿ. ಕೊನೆಯ ರಾತ್ರಿಗೂ ವೇಗಸ್ ಹತ್ತಿರ ಫುಲ್ ಹುಕ್‌ಅಪ್ ಜಾಗ ಹಿಡಿಯಿರಿ. ವಾಹನ ಒಪ್ಪಿಸುವಾಗ ಟ್ಯಾಂಕ್ ಖಾಲಿ ಇರದಿದ್ದರೆ ದಂಡ ಹಾಕುತ್ತಾರೆ. ಅಲ್ಲಿ ಬಟ್ಟೆ ಒಗೆದು, ಟ್ಯಾಂಕ್ ತೊಳೆದು, ಪೆಟ್ಟಿಗೆ ಕಟ್ಟಿಕೊಳ್ಳಿ. ನಿಮ್ಮ ದಿನಾಂಕಗಳನ್ನು ಬರೆದರೆ ಯಾವ ರಾತ್ರಿ ಎಲ್ಲಿ ಎಂದು ಜೊತೆಗೇ ಕೂತು ಹೊಂದಿಸೋಣ.