ವಿದೇಶಿ ಗಿಳಿಗೆ ಅಂಗಡಿಯ ರಸೀದಿ ಸಾಕೇ?

ಪ್ರಶ್ನೆ: ನನ್ನ ತಮ್ಮ 2021ರಲ್ಲಿ ಬೆಂಗಳೂರಿನ ಅಂಗಡಿಯೊಂದರಿಂದ ಆಫ್ರಿಕನ್ ಗ್ರೇ ಗಿಳಿಯನ್ನು ಕೊಂಡು ತಂದನು. ನಮ್ಮ ಬಳಿ ರಸೀದಿಯ ಹೊರತು ಬೇರೆ ದಾಖಲೆಯಿಲ್ಲ. ವಿದೇಶಿ ಪಕ್ಷಿಗಳಿಗೆ ನಮ್ಮ ಕಾನೂನು ಅನ್ವಯಿಸುವುದಿಲ್ಲ ಎಂದು ಅಂಗಡಿಯವರು ಹೇಳಿದ್ದರು. ಅದು ನಿಜವೇ? ಮಗಳು ನಕ್ಷತ್ರ ಆಮೆಯನ್ನೂ ಕೇಳುತ್ತಿದ್ದಾಳೆ, ಸಾಕಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಂಗಡಿಯವರ ಮಾತಿನಲ್ಲಿ ಅಂದು ಸ್ವಲ್ಪ ಹುರುಳಿತ್ತು, ಇಂದು ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬಹುಕಾಲ ಮುಖ್ಯವಾಗಿ ಈ ನೆಲದ ಪ್ರಾಣಿಪಕ್ಷಿಗಳನ್ನೇ ಗಮನದಲ್ಲಿಟ್ಟುಕೊಂಡಿತ್ತು. ಹೊರನಾಡಿನವುಗಳನ್ನು ಕಸ್ಟಮ್ಸ್ ಮತ್ತು ಆಮದು ನಿಯಮಗಳು ಗಡಿಯಲ್ಲಿ ತಡೆಯುತ್ತಿದ್ದವೇ ಹೊರತು, ಕಣ್ತಪ್ಪಿಸಿ ಒಳಬಂದು ಮನೆ ಸೇರಿದ ಪಕ್ಷಿಯ ಮೂಲವನ್ನು ವಿಚಾರಿಸುವವರು ವಿರಳವಾಗಿದ್ದರು. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗಳು ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಸೇರಿವೆ. ಆಫ್ರಿಕಾದ ಕಾಡುಗಳಿಂದ ವ್ಯಾಪಾರಕ್ಕಾಗಿ ಅತಿಯಾಗಿ ಹಿಡಿಯಲ್ಪಟ್ಟು ಸಂಖ್ಯೆ ಕುಸಿದುದರಿಂದ, ನಿಮ್ಮ ಮನೆಯ ಗಿಳಿಯ ಪ್ರಭೇದವನ್ನು 2017ರಿಂದ ಆ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಒಂದನೇ ಅನುಬಂಧದಲ್ಲಿ ಇರಿಸಲಾಗಿದೆ.

ಇಂಥ ಜೀವಿಯನ್ನು ಸಾಕುವುದಕ್ಕೆ ಪೂರ್ಣ ನಿಷೇಧವಿಲ್ಲ, ಆದರೆ ನೋಂದಣಿ ಕಡ್ಡಾಯ. 2024ರ ಫೆಬ್ರುವರಿಯ ನಿಯಮಗಳಂತೆ, ಆಗಲೇ ಸಾಕುತ್ತಿದ್ದವರು ಆರು ತಿಂಗಳೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕಿತ್ತು. ಆ ಬಳಿಕ ಪಡೆದವರಿಗೆ ಮೂವತ್ತು ದಿನಗಳ ಅವಕಾಶವಿದೆ. ನಿಮ್ಮ ಅವಧಿ ಮುಗಿದಿದೆ. ಆದರೂ ಮುಚ್ಚಿಡುವುದು ಸರಿಯಾದ ದಾರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ: ವಕೀಲರೊಬ್ಬರ ಸಲಹೆ ಪಡೆದು, ರಸೀದಿಯನ್ನು ಲಗತ್ತಿಸಿ, ತಡವಾದುದಕ್ಕೆ ಕಾರಣ ತಿಳಿಸಿ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ನೀವಾಗಿಯೇ ಲಿಖಿತವಾಗಿ ಅರಿಕೆ ಮಾಡಿಕೊಳ್ಳಿ. ಹಣ ಕೊಟ್ಟಿರುವುದನ್ನಷ್ಟೇ ರಸೀದಿ ತೋರಿಸುತ್ತದೆ. ಪಕ್ಷಿ ಕಾನೂನುಬದ್ಧವಾಗಿ ದೇಶದೊಳಗೆ ಬಂದಿತೇ ಅಥವಾ ಇಲ್ಲಿಯೇ ಹುಟ್ಟಿತೇ ಎಂಬುದಕ್ಕೆ ಅದು ಸಾಕ್ಷಿಯಾಗಲಾರದು. ಹೆದರಿ ಅದನ್ನು ಹೊರಗೆ ಹಾರಿಬಿಡಬೇಡಿ, ಕೈಯಿಂದಲೇ ಮೇವು ತಿಂದು ಬೆಳೆದ ಗಿಳಿ ಹೊರಗೆ ಬದುಕುವುದು ಕಷ್ಟ. ದಾಖಲೆಯಿಲ್ಲದೆ ಬೇರೆಯವರಿಗೆ ಕೊಡುವುದೂ ಸಲ್ಲದು. ಮರಿ ಮಾಡಿಸಲು ಪ್ರತ್ಯೇಕ ಪರವಾನಗಿ ಬೇಕು.

ನಕ್ಷತ್ರ ಆಮೆಯ ವಿಷಯದಲ್ಲಿ ಯಾವ ನೋಂದಣಿಯ ದಾರಿಯೂ ಇಲ್ಲ. ಅದು ನಮ್ಮದೇ ಕುರುಚಲು ಕಾಡುಗಳ ಜೀವಿ; ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವುದರಿಂದ, ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷಗಳ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡವಿದೆ. ಮನೆಗೆ ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ಇದನ್ನು ಕದ್ದು ಮಾರುವ ಜಾಲಕ್ಕೆ ಕೊಳ್ಳುವವರೇ ಆಧಾರ. ನಮ್ಮ ಊರಿನ ಹಸಿರು ಗಿಳಿಯನ್ನು ಪಂಜರದಲ್ಲಿ ಇಡುವುದೂ ಅಪರಾಧವೇ. ಮಗಳಿಗೆ ಪಕ್ಷಿಯ ಒಡನಾಟವೇ ಬೇಕೆಂದಾದರೆ, ಬಜ್ರಿಗರ್ ಮತ್ತು ಕಾಕಟೀಲ್ ಎಂಬ ಪುಟ್ಟ ಸಾಕುಗಿಳಿಗಳು ಸೈಟಿಸ್ ಪಟ್ಟಿಯಲ್ಲಿಲ್ಲದ ಕಾರಣ ಅವುಗಳಿಗೆ ಈ ನೋಂದಣಿ ಬೇಕಾಗುವುದಿಲ್ಲ.